ಕ್ಯಾರೆಟ್ ಊರಿಗೆ ಅಪ್ಪ-ಅಮ್ಮನ ಜೊತೆ: ಹೋಲ್ಟ್‌ವಿಲ್‌ನಲ್ಲಿ ಏನು ನೋಡೋದು?

ಪ್ರಶ್ನೆ: ನಾವು ಸ್ಯಾನ್ ಡಿಯಾಗೋದಲ್ಲಿ ಇದ್ದೇವೆ. ಜನವರಿ ಕೊನೆಗೆ ಅಪ್ಪ-ಅಮ್ಮ ಮದ್ದೂರು ಕಡೆಯಿಂದ ಬರುತ್ತಿದ್ದಾರೆ. ಅಪ್ಪ ನಲವತ್ತು ವರ್ಷ ಬೇಸಾಯ ಮಾಡಿದವರು. ನಮ್ಮದು ವಿ.ಸಿ. ನಾಲೆ ನೀರಿನ ಗದ್ದೆ. ಹೋದ ಸಲ ಡಿಸ್ನಿಲ್ಯಾಂಡ್, ವೇಗಸ್ ಎಲ್ಲ ತೋರಿಸಿದೆವು. ಅಪ್ಪ ಸುಮ್ನೆ ಬಂದು ಸುಮ್ನೆ ಹೋದರು. ಈ ಸಲ ಹೊಲಗದ್ದೆ ತೋರಿಸೋಣ ಅಂತ ಆಸೆ. ಮೆಕ್ಸಿಕೋ ಗಡಿ ಹತ್ತಿರ ಮರುಭೂಮಿಯಲ್ಲಿ ಹೋಲ್ಟ್‌ವಿಲ್ ಅಂತ ಕ್ಯಾರೆಟ್ ಬೆಳೆಯುವ ಪುಟ್ಟ ಊರಿದೆಯಂತೆ. ಹೋಗಬಹುದಾ? ನೋಡಲು ಏನಿದೆ? ಗಡಿ ಹತ್ತಿರ ಅಂದರೆ ನಮ್ಮ ಮನೆಯವರಿಗೆ ಭಯ. ಅಮ್ಮ ಸಸ್ಯಾಹಾರಿ. ಒಂದು ದಿನ ಸಾಕಾಗುತ್ತದಾ?

ಉತ್ತರ: ಧಾರಾಳವಾಗಿ ಹೋಗಿ. ತಿಂಗಳೂ ಸರಿಯಾಗಿದೆ. ಆದರೆ ಊರು ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಆರು ಸಾವಿರ ಜನವೂ ಇಲ್ಲದ ಊರು. ನಡುವೆ ಹೋಲ್ಟ್ ಪಾರ್ಕ್ ಅಂತ ಮರಗಳಿರುವ ಒಂದು ಚೌಕ, ಸುತ್ತ ಅಂಗಡಿ, ಆಮೇಲೆ ಮನೆಗಳು, ಆಮೇಲೆ ಹೊಲ. ನಿಮ್ಮ ತಂದೆಯವರಿಗೆ ಬೇಕಾದದ್ದು ಊರಾಚೆ ಇದೆ. ಅದು ನೀರು.

ನಾನು ನೀರಾವರಿ ಎಂಜಿನಿಯರ್. ಈ ಕಣಿವೆಗೆ ಎಷ್ಟೋ ಸಲ ಹೋಗಿದ್ದೇನೆ. ಒಂದು ಸಲ ನನ್ನ ಮಾವನವರನ್ನು ಕರೆದುಕೊಂಡು ಹೋಗಿದ್ದೆ. ಅವರೂ ನಾಲೆ ನೀರಿನ ರೈತರೇ. ಅವರು ಕೇಳಿದ ಪ್ರಶ್ನೆಗಳು ನನ್ನ ಜೊತೆ ಕೆಲಸ ಮಾಡುವವರು ಯಾರೂ ಕೇಳಿರಲಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ ಬರೆಯುವಾಗ ಅವರ ಜೊತೆಗಿನ ಆ ದಿನವೇ ಕಣ್ಣ ಮುಂದಿದೆ.

ಮನೆಯಿಂದ ಸುಮಾರು 200 ಕಿ.ಮೀ. ಇಂಟರ್‌ಸ್ಟೇಟ್ 8 ಹಿಡಿದರೆ ಎರಡು ಗಂಟೆ, ಸ್ವಲ್ಪ ಹೆಚ್ಚು. ದಾರಿ 4,000 ಅಡಿಗಿಂತ ಮೇಲೆ ಏರಿ, ಬಂಡೆಗಳ ಗುಡ್ಡದ ನಡುವೆ ಸುತ್ತಿಕೊಂಡು, ಒಮ್ಮೆಲೇ ಕೆಳಗೆ ಬೀಳುತ್ತದೆ. ಇಳಿದು ಇಳಿದು ಸಮುದ್ರಮಟ್ಟವನ್ನೂ ದಾಟಿ ಇನ್ನೂ ಕೆಳಗೆ. ಹೋಲ್ಟ್‌ವಿಲ್ ಸಮುದ್ರಮಟ್ಟಕ್ಕಿಂತ ಸುಮಾರು ಹತ್ತು ಅಡಿ ಕೆಳಗಿದೆ. ಇದೇ ಇಂಪೀರಿಯಲ್ ಕಣಿವೆ. ವರ್ಷಕ್ಕೆ ಮೂರು ಇಂಚು ಮಳೆಯೂ ಇಲ್ಲ. ಬೇಸಿಗೆಯಲ್ಲಿ 45 ಡಿಗ್ರಿ ದಾಟುವುದು ಮಾಮೂಲು. ಮಳೆ ನಂಬಿಕೊಂಡರೆ ಇಲ್ಲಿ ಹುರುಳಿಯೂ ಬೆಳೆಯಲ್ಲ. ಆದರೂ ನಾಲ್ಕೂವರೆ ಲಕ್ಷ ಎಕರೆಗಿಂತ ಜಾಸ್ತಿ ನೆಲ ಹಸಿರಾಗಿದೆ. ಅಮೆರಿಕದವರು ಚಳಿಗಾಲದಲ್ಲಿ ತಿನ್ನುವ ಸೊಪ್ಪು-ತರಕಾರಿಯ ಬಹುಪಾಲು ಈ ಕಣಿವೆ ಮತ್ತು ಪಕ್ಕದ ಅರಿಜೋನಾ ರಾಜ್ಯದ ಯೂಮಾದಿಂದಲೇ ಬರುತ್ತದೆ.

ತಂದೆಯವರನ್ನು ಮೊದಲು ಊರಿಗೆ ಕರೆದೊಯ್ಯಬೇಡಿ. ಹೈವೇಯಲ್ಲೇ ಹೋಲ್ಟ್‌ವಿಲ್ ದಾಟಿ ಪೂರ್ವಕ್ಕೆ ಸ್ವಲ್ಪ ದೂರ ಹೋಗಿ. ಈಸ್ಟ್ ಹೈಲೈನ್ ಅನ್ನುವ ನಾಲೆ ಅಡ್ಡ ಬರುತ್ತದೆ. ಅದರ ಈ ಕಡೆ ಹಸಿರು, ಆ ಕಡೆ ಬರೀ ಮರಳು, ಒಣ ಪೊದೆ. ನಡುವೆ ಒಂದೇ ಒಂದು ಗೆರೆ, ಅದೇ ನಾಲೆ. ಚಾಕುವಿನಲ್ಲಿ ಕೊಯ್ದ ಹಾಗೆ ಇರುತ್ತದೆ. ಅಲ್ಲಿಂದ ಮುಂದಿನ ಎಗ್ಸಿಟ್‌ನಲ್ಲಿ ತಿರುಗಿಸಿಕೊಂಡು ವಾಪಸ್ ಬನ್ನಿ. ನನ್ನ ಮಾವನವರು ಅಲ್ಲಿ ಕೇಳಿದ ಮೊದಲ ಪ್ರಶ್ನೆ: "ನಾಲೆ ಎತ್ತರದಲ್ಲಿದೆಯಾ, ಹೊಲ ಎತ್ತರದಲ್ಲಿದೆಯಾ?" ಹೌದು, ಅದೇ ಪ್ರಶ್ನೆ ಕೇಳಬೇಕು. ನಾಲೆ ಎತ್ತರದಲ್ಲಿದೆ. ಪಂಪು ಬೇಡ. ನೀರು ತಾನಾಗಿ ಇಳಿಯುತ್ತದೆ.

ಆ ನೀರು ಕೊಲರಾಡೋ ನದಿಯದ್ದು. ಯೂಮಾದ ಮೇಲೆ ಇಂಪೀರಿಯಲ್ ಅಣೆಕಟ್ಟಿನಲ್ಲಿ ತಿರುಗಿಸಿ, ಆಲ್ ಅಮೆರಿಕನ್ ಕಾಲುವೆಯಲ್ಲಿ ಸುಮಾರು 130 ಕಿ.ಮೀ. ತರುತ್ತಾರೆ. ಮರಳು ದಿಬ್ಬಗಳ ನಡುವೆಯೇ ಆ ಕಾಲುವೆ ಹಾದುಬರುತ್ತದೆ. ಹೆಸರಿನ ಹಿಂದೆ ಒಂದು ಜಗಳದ ಕಥೆ ಇದೆ. 1901ರಲ್ಲಿ ಮೊದಲು ನೀರು ಬಂದಾಗ ಕಾಲುವೆ ಮೆಕ್ಸಿಕೋ ನೆಲದಲ್ಲಿ ಸುತ್ತಿಕೊಂಡು ಬರುತ್ತಿತ್ತು. ನೀರು ಇವರದ್ದು, ದಾರಿ ಅವರದ್ದು. ಅದು ಬೇಡ, ಪೂರ್ತಿ ನಮ್ಮ ನೆಲದಲ್ಲೇ ಬರಲಿ ಅಂತ ಹಟ ಹಿಡಿದು 1930ರ ದಶಕದಲ್ಲಿ ಹೊಸದನ್ನು ತೋಡಿದರು. ಅದಕ್ಕೇ ಆ ಹೆಸರು.

ಹಳೆಯ ಕಾಲುವೆ ಇನ್ನೊಂದು ಅನಾಹುತವನ್ನೂ ಮಾಡಿತು. ಹೂಳು ತುಂಬಿತು ಅಂತ ನದಿ ದಡದಲ್ಲಿ ಇನ್ನೊಂದು ಕಡೆ ಕಡಿದರು. ಸರಿಯಾದ ತೂಬು ಇಟ್ಟಿರಲಿಲ್ಲ. 1905ರಲ್ಲಿ ಪ್ರವಾಹ ಬಂತು. ಇಡೀ ನದಿ ತನ್ನ ದಾರಿ ಬಿಟ್ಟು ಈ ತಗ್ಗಿಗೆ ನುಗ್ಗಿತು. ಕಟ್ಟಿ ನಿಲ್ಲಿಸುವಷ್ಟರಲ್ಲಿ 1907. ಅಷ್ಟು ಹೊತ್ತಿಗೆ ಕಣಿವೆಯ ತಳದಲ್ಲಿ ಸಮುದ್ರದಂಥ ಕೆರೆಯೇ ಆಗಿಬಿಟ್ಟಿತ್ತು. ಅದೇ ಸಾಲ್ಟನ್ ಸೀ. ಹೂಳು ತೆಗೆಯದೆ ಪಕ್ಕದಲ್ಲಿ ಕಡಿದರೆ ಏನಾಗುತ್ತದೆ ಅಂತ ನಮ್ಮ ಕಡೆ ಯಾವ ರೈತನಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಲೆಕ್ಕಕ್ಕೆ ಬರೋಣ. ತಂದೆಯವರು ಖಂಡಿತ ಕೇಳುತ್ತಾರೆ, ತಯಾರಾಗಿರಿ. ಇಲ್ಲಿನ ನೀರಾವರಿ ಸಂಸ್ಥೆಗೆ ನದಿಯಲ್ಲಿ ವರ್ಷಕ್ಕೆ 31 ಲಕ್ಷ ಎಕರೆ-ಅಡಿ ಪಾಲಿದೆ. ಎಕರೆ-ಅಡಿ ಅಂದರೆ ಒಂದು ಎಕರೆಯಲ್ಲಿ ಒಂದಡಿ ನಿಂತ ನೀರು. ಹಾಗೆ ಹೇಳಿದರೆ ಮಂಡ್ಯದವರಿಗೆ ಏನೂ ಅನ್ನಿಸಲ್ಲ. ಟಿಎಂಸಿಯಲ್ಲಿ ಹೇಳಿ: ಸುಮಾರು 135 ಟಿಎಂಸಿ. ತುಂಬಿದ ಕೆಆರ್‌ಎಸ್ ಹೆಚ್ಚೂಕಮ್ಮಿ 49 ಟಿಎಂಸಿ. ಅಂದರೆ ಎರಡೂಮುಕ್ಕಾಲು ಕೆಆರ್‌ಎಸ್ ಅಷ್ಟು ನೀರು, ಒಂದು ಜಿಲ್ಲೆಯಷ್ಟು ಜಾಗಕ್ಕೆ, ಪ್ರತಿ ವರ್ಷ. ಕ್ಯಾಲಿಫೋರ್ನಿಯಾದ ಪೂರ್ತಿ ಪಾಲೇ 44 ಲಕ್ಷ ಎಕರೆ-ಅಡಿ. ಅದರಲ್ಲಿ ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋದಂಥ ನಗರಗಳೆಲ್ಲ ಸೇರಿದರೂ ಈ ಕಣಿವೆಗಿಂತ ಕಡಿಮೆ. ಮೊದಲು ಬಂದು ಮೊದಲು ನೀರು ಬಳಸಿದವರಿಗೆ ಮೊದಲ ಹಕ್ಕು ಅನ್ನುವುದು ಇಲ್ಲಿನ ಕಾನೂನು. ಆ ಹಕ್ಕಿನ ಮೇಲೆ ಎಲ್ಲರಿಗೂ ಕಣ್ಣು. ನದಿ ಸೊರಗಿದಂತೆಲ್ಲ ಜಗಳ ಜಾಸ್ತಿಯಾಗುತ್ತಿದೆ. ಕಾವೇರಿ ಸುದ್ದಿ ಓದಿ ಬೆಳೆದವರಿಗೆ ಇಲ್ಲಿನ ಪತ್ರಿಕೆ ಓದಿದರೆ ಊರಿನ ಪತ್ರಿಕೆ ಓದಿದ ಹಾಗೇ ಆಗುತ್ತದೆ.

ನಿಮ್ಮ ಮನೆಗೂ ಇದಕ್ಕೂ ನೇರ ಸಂಬಂಧ ಇದೆ. 2003ರಲ್ಲಿ ಒಂದು ಒಪ್ಪಂದ ಆಯಿತು. ಕಣಿವೆಯ ರೈತರು ಉಳಿಸಿದ ನೀರನ್ನು ಸ್ಯಾನ್ ಡಿಯಾಗೋಕ್ಕೆ ಮಾರುತ್ತಾರೆ, ವರ್ಷಕ್ಕೆ ಎರಡು ಲಕ್ಷ ಎಕರೆ-ಅಡಿವರೆಗೆ. ನಿಮ್ಮ ಅಡುಗೆಮನೆ ನಲ್ಲಿಯಲ್ಲಿ ಬರುವುದರಲ್ಲಿ ಒಂದು ಪಾಲು ಇದೇ. ಗಡಿ ಉದ್ದಕ್ಕೂ ಕಾಲುವೆಯ ಒಂದು ಭಾಗಕ್ಕೆ ಕಾಂಕ್ರೀಟ್ ಹಾಕಿ ಸೋರಿಕೆ ನಿಲ್ಲಿಸಿದ್ದೂ ಅದೇ ಲೆಕ್ಕಕ್ಕೆ. ಸೋರಿದ ನೀರು ಆ ಕಡೆ ಮೆಕ್ಸಿಕಾಲಿ ರೈತರ ಬಾವಿಗೆ ಹೋಗುತ್ತಿತ್ತು, ಅದು ನಿಂತಿತು. ಈ ಕಡೆ ಹೊಲದಿಂದ ಬಸಿದು ಹೋಗುವ ನೀರು ಕಡಿಮೆಯಾಗಿ ಸಾಲ್ಟನ್ ಸೀ ಕುಗ್ಗುತ್ತಿದೆ. ಒಣಗಿದ ತಳದ ದೂಳು ಗಾಳಿಗೆ ಏಳುತ್ತದೆ. ಕಣಿವೆಯ ಮಕ್ಕಳಲ್ಲಿ ಉಬ್ಬಸ ಜಾಸ್ತಿ.

ಸರಿ, ಹೊಲದ ಹತ್ತಿರ ಬನ್ನಿ. ಇಲ್ಲಿ ನೀರು ಬೇಕಾದ ರೈತ ಹಿಂದಿನ ದಿನವೇ ಆರ್ಡರ್ ಕೊಡಬೇಕು. ಮಾರನೆಯ ದಿನ ಸಾಂಜೆರೊ ಬಂದು ಗೇಟ್ ಎತ್ತುತ್ತಾನೆ. ಸ್ಪ್ಯಾನಿಶ್‌ನಲ್ಲಿ ಸಾಂಜಾ ಅಂದರೆ ಕಾಲುವೆ, ಸಾಂಜೆರೊ ಅಂದರೆ ಅದನ್ನು ನೋಡಿಕೊಳ್ಳುವವನು. ನಮ್ಮ ನೀರುಗಂಟಿ! ನಿಮ್ಮ ಕಡೆ ಸೌಡಿ ಅಂತಲೂ ಹೇಳುತ್ತಾರಲ್ವಾ, ಅವನೇ. ಇಲ್ಲಿ ಅವನಿಗೆ ಪಿಕಪ್ ಟ್ರಕ್ ಇದೆ, ಅಷ್ಟೇ ವ್ಯತ್ಯಾಸ. ಅಂಥ ಟ್ರಕ್ ಒಂದು ಗೇಟ್ ಬಳಿ ನಿಂತಿದ್ದರೆ ನೀವೂ ರಸ್ತೆ ಬದಿ ನಿಲ್ಲಿಸಿ ದೂರದಿಂದ ನೋಡಿ. ಕೈ ಬೀಸಿದರೆ ಅವರೂ ಬೀಸುತ್ತಾರೆ.

ಇನ್ನೊಂದು ನೋಡಲೇಬೇಕಾದದ್ದು ಸೈಫನ್ ಕೊಳವೆ. ಸಾಲಿನ ತುದಿಯಲ್ಲಿ ಒಂದು ಪುಟ್ಟ ಕಾಲುವೆ, ಅದರ ಬದುವಿನ ಮೇಲೆ ಬಾಗಿದ ಕೊಳವೆಗಳು ಸಾಲಾಗಿ ಮಲಗಿರುತ್ತವೆ. ನೀರು ಕಟ್ಟುವವನು ಕೊಳವೆಯನ್ನು ನೀರಲ್ಲಿ ಅದ್ದುತ್ತಾನೆ. ಒಂದು ಬಾಯಿಗೆ ಅಂಗೈ ಒತ್ತಿ, ಎರಡು ಸಲ ಹಿಂದೆ ಮುಂದೆ ಜಗ್ಗಿ, ಆ ಬಾಯಿಯನ್ನು ಬದುವಿನ ಈಚೆ ಮಗುಚುತ್ತಾನೆ. ಕೈ ತೆಗೆದ ಕೂಡಲೇ ನೀರು ಗಳಗಳ ಅಂತ ಸಾಲಿಗೆ ಇಳಿಯುತ್ತದೆ. ಒಂದಕ್ಕೆ ಎರಡೇ ಸೆಕೆಂಡು. ನಂತರ ಮುಂದಿನದು. ಮಾವನವರು ಅಲ್ಲೇ ರಸ್ತೆ ಪಕ್ಕ ಕುಕ್ಕರುಗಾಲಲ್ಲಿ ಕೂತು ಅರ್ಧ ಗಂಟೆ ನೋಡಿದರು. "ಬದು ಕಡಿಯೋದೇ ಬೇಡ, ಮುಚ್ಚೋದೂ ಬೇಡ" ಅಂದರು. ಆಮೇಲೆ ಕೇಳಿದರು: "ಇಷ್ಟು ನೀರು ಹಾಯಿಸಿದರೆ ಚೌಳು ಆಗಲ್ವಾ?"

ಆಗುತ್ತದೆ. ಕೊಲರಾಡೋ ನೀರಿನಲ್ಲೇ ಉಪ್ಪಿದೆ. ಇಲ್ಲಿನ ಬೇಸಾಯ ಉಳಿದಿರುವುದು ಕಣ್ಣಿಗೆ ಕಾಣದ ಒಂದು ವ್ಯವಸ್ಥೆಯಿಂದ. ಹೊಲದ ಅಡಿಯಲ್ಲಿ, ಬೇರಿಗಿಂತ ಕೆಳಗೆ, ತೂತಿರುವ ಕೊಳವೆಗಳನ್ನು ಹೂತಿದ್ದಾರೆ. ಬೆಳೆಗೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ನೀರು ಕೊಟ್ಟು ಉಪ್ಪನ್ನು ಕೆಳಗೆ ತೊಳೆದು, ಆ ಕೊಳವೆಗಳಿಂದ ಬಸಿಗಾಲುವೆಗೆ, ಅಲ್ಲಿಂದ ನದಿಗೆ, ಕೊನೆಗೆ ಸಾಲ್ಟನ್ ಸೀಗೆ. ಹೋಲ್ಟ್‌ವಿಲ್ ಪಕ್ಕದಲ್ಲೇ ಹರಿಯುವ ಅಲಾಮೊ ನದಿಯ ನೀರು ಬಹುಪಾಲು ಇಂಥದ್ದೇ. ನಮ್ಮಲ್ಲಿ ತುಂಗಭದ್ರಾ ನಾಲೆಯ ಕೆಳಗೆ ಎಷ್ಟೊಂದು ನೆಲ ಚೌಳಾಯಿತು. ನೀರು ಕೊಡುವಾಗಲೇ ಬಸಿಯುವ ದಾರಿಯನ್ನೂ ಮಾಡಬೇಕಿತ್ತು ಅನ್ನುವುದು ನನ್ನ ಹಳೆಯ ಗೊಣಗಾಟ. ಇಲ್ಲಿಗೆ ಬಂದಾಗಲೆಲ್ಲ ಅದು ನೆನಪಾಗುತ್ತದೆ.

ಬೆಳೆ ವಿಷಯ. ಜನವರಿ-ಫೆಬ್ರವರಿಯಲ್ಲಿ ಕ್ಯಾರೆಟ್, ಲೆಟಿಸ್, ಬ್ರೊಕೊಲಿ, ಈರುಳ್ಳಿ ಎಲ್ಲ ಹೊಲದಲ್ಲಿರುತ್ತದೆ. ಎಲ್ಲದಕ್ಕಿಂತ ಜಾಸ್ತಿ ಕಾಣುವುದು ಅಲ್ಫಾಲ್ಫಾ, ನಮ್ಮ ಕುದುರೆ ಮಸಾಲೆ ಸೊಪ್ಪು. ಹಸು ಸಾಕಿದವರಿಗೆ ಪರಿಚಯ ಇರುತ್ತದೆ. ವರ್ಷಕ್ಕೆ ಎಂಟು-ಹತ್ತು ಕೊಯ್ಲು ತೆಗೆಯುತ್ತಾರೆ. ಕ್ಯಾರೆಟ್ ಕೀಳುವ ಯಂತ್ರ ಸಿಕ್ಕರೆ ಅದೃಷ್ಟ. ಮುಂದಿನ ಗುಳ ಮಣ್ಣನ್ನು ಸಡಿಲ ಮಾಡುತ್ತದೆ, ಎರಡು ಬೆಲ್ಟುಗಳು ಸೊಪ್ಪನ್ನು ಕಚ್ಚಿಕೊಂಡು ಮೇಲೆಳೆಯುತ್ತವೆ, ಸೊಪ್ಪು ಕತ್ತರಿಸಿ ಬಿಸಾಕಿ, ಗಡ್ಡೆ ಮಾತ್ರ ಪಕ್ಕದಲ್ಲಿ ಓಡುವ ಲಾರಿಗೆ. ಲೆಟಿಸ್ ಮಾತ್ರ ಕೈಯಲ್ಲೇ. ಬಗ್ಗಿ ಒಂದೇ ಏಟಿಗೆ ಕತ್ತರಿಸಿ, ಹೊರಗಿನ ಎಲೆ ಕಿತ್ತು, ಜೊತೆಗೇ ಸಾಗುವ ಪ್ಯಾಕಿಂಗ್ ಗಾಡಿಯ ಮೇಜಿಗೆ ಕೊಡುವುದು. ಹೀಗೆ ದಿನವಿಡೀ. ಇವರಲ್ಲಿ ತುಂಬಾ ಜನ ಬೆಳಗಿನ ಜಾವ ಮೂರು-ನಾಲ್ಕಕ್ಕೆ ಎದ್ದು ಮೆಕ್ಸಿಕಾಲಿಯಿಂದ ಗಡಿ ದಾಟಿ ಬಂದವರು. ಸಂಜೆ ಮತ್ತೆ ಸಾಲಲ್ಲಿ ನಿಂತು ವಾಪಸ್ ಹೋಗುವವರು.

ಒಂದು ಎಚ್ಚರಿಕೆ. ಸೊಪ್ಪಿನ ಹೊಲದೊಳಗೆ ಕಾಲಿಡಬೇಡಿ, ಒಂದೆಲೆಯನ್ನೂ ಮುಟ್ಟಬೇಡಿ. ಹಸಿಯಾಗಿ ತಿನ್ನುವ ಸೊಪ್ಪು, ರೋಗಾಣು ಭಯದಿಂದ ನಿಯಮ ಬಹಳ ಬಿಗಿ. ಹೊರಗಿನವರು ನುಗ್ಗಿದರೆ ರೈತನಿಗೆ ತಲೆನೋವು. ನಮ್ಮೂರಲ್ಲಿ ಹೊಲಕ್ಕೆ ಇಳಿದು ಒಂದು ಕಬ್ಬು ಮುರಿದುಕೊಂಡ ಹಾಗಲ್ಲ ಅಂತ ತಂದೆಯವರಿಗೆ ಕಾರಿನಲ್ಲೇ ಹೇಳಿಬಿಡಿ. ನಾಲೆಗಂತೂ ಯಾರೂ ಇಳಿಯಬಾರದು, ಕಾಲು ತೊಳೆಯಲೂ ಬೇಡ. ಆಲ್ ಅಮೆರಿಕನ್ ಕಾಲುವೆಯ ದಡ ಕಡಿದಾಗಿದೆ, ಒಳಗೆ ಸೆಳೆತ. ನೂರಾರು ಜನ ಅದರಲ್ಲಿ ಮುಳುಗಿದ್ದಾರೆ.

ಕ್ಯಾರೆಟ್ ಹಬ್ಬಕ್ಕೆ ಹೋಗಬೇಕಾ? 1947ರಿಂದ ನಡೆಯುತ್ತಿದೆ, ಚಳಿಗಾಲದ ಕೊನೆಗೆ. "ಜಗತ್ತಿನ ಕ್ಯಾರೆಟ್ ರಾಜಧಾನಿ" ಅಂತ ಊರು ತನ್ನನ್ನು ಕರೆದುಕೊಳ್ಳುತ್ತದೆ. ಮೆರವಣಿಗೆ, ಟ್ರ್ಯಾಕ್ಟರ್, ಶಾಲೆ ಬ್ಯಾಂಡು, ಕ್ಯಾರೆಟ್ ಅಡುಗೆ ಸ್ಪರ್ಧೆ, ಜಾತ್ರೆಯ ಆಟಗಳು. ದಿನಾಂಕ ನೋಡಿಕೊಂಡು ಹೊಂದಿದರೆ ಹೋಗಿ, ತಾಯಿಯವರಿಗೆ ಖುಷಿಯಾಗುತ್ತದೆ. ಆದರೆ ಹೊಲ ನೋಡಬೇಕಾದರೆ ಕೆಲಸದ ದಿನವೇ ಸರಿ. ಭಾನುವಾರ ಬಂದರೆ ಹೊಲ ಖಾಲಿ. ಶುಕ್ರವಾರ ಬನ್ನಿ, ಪಕ್ಕದ ದೊಡ್ಡ ಊರು ಎಲ್ ಸೆಂಟ್ರೋದಲ್ಲಿ ಒಂದು ರಾತ್ರಿ ಉಳಿಯಿರಿ. ಅಲ್ಲಿಂದ ಹೋಲ್ಟ್‌ವಿಲ್ ಇಪ್ಪತ್ತು ನಿಮಿಷ ಸಾಕು. ಬೆಳಿಗ್ಗೆ ಬೇಗ ಹೊರಟರೆ ಕೊಯ್ಲು ಕಾಣಬಹುದು. ಹಗಲು ಹಿತವಾದ ಬಿಸಿಲು, ಬೆಳಗಿನ ಜಾವ ಚಳಿ, ಸ್ವೆಟರ್ ಬೇಕು. ದನಗಳನ್ನು ಕೂಡಿಹಾಕಿ ಮೇವು ಹಾಕುವ ಫೀಡ್‌ಲಾಟ್ ಹತ್ತಿರ ವಾಸನೆ ಜೋರು. ಹಳ್ಳಿಯವರಿಗೆ ಅದೇನು ಹೊಸದಲ್ಲ, ಮೂಗು ಮುಚ್ಚುವವರು ನೀವಿಬ್ಬರೇ.

ಅಂದಹಾಗೆ ಎಲ್ ಸೆಂಟ್ರೋ ಅಂದ ಕೂಡಲೇ ಸಿವಿಲ್ ಎಂಜಿನಿಯರ್‌ಗಳ ಕಿವಿ ನಿಮಿರುತ್ತದೆ. 1940ರ ಮೇ 18ರ ಭೂಕಂಪ ಅಲ್ಲಿನ ಉಪಕರಣದಲ್ಲಿ ದಾಖಲಾಯಿತು. ಸುರತ್ಕಲ್ ಇರಲಿ, ಬೆಂಗಳೂರು ಇರಲಿ, ಕಟ್ಟಡ ಭೂಕಂಪ ತಡೆಯುತ್ತದಾ ಅಂತ ಲೆಕ್ಕ ಹಾಕುವ ವಿದ್ಯಾರ್ಥಿಗಳು ಈಗಲೂ ಅದೇ ದಾಖಲೆ ಇಟ್ಟುಕೊಂಡು ಕಲಿಯುತ್ತಾರೆ. ಆಗಷ್ಟೇ ತೋಡಿದ್ದ ಆಲ್ ಅಮೆರಿಕನ್ ಕಾಲುವೆಯ ದಡ ಒಂದು ಕಡೆ ನಾಲ್ಕೂವರೆ ಮೀಟರ್ ಪಕ್ಕಕ್ಕೆ ಸರಿದುಹೋಯಿತು.

ಭಾರತದ ನಂಟು ಇದಕ್ಕಿಂತ ಹಳೆಯದು. 1910ರ ಆಸುಪಾಸಿನಲ್ಲಿ ಪಂಜಾಬಿನ ರೈತರು ಇಲ್ಲಿಗೆ ಬಂದು ಹತ್ತಿ ಬೆಳೆದರು. ಪಂಜಾಬಿನಲ್ಲೂ ಆಗ ನಾಲೆ ಬೇಸಾಯ, ಹಾಗಾಗಿ ಕೆಲಸ ಗೊತ್ತಿತ್ತು. ಆದರೆ ಪೌರತ್ವಕ್ಕೆ ಅರ್ಹರಲ್ಲದವರು ಜಮೀನು ಹೊಂದುವಂತಿಲ್ಲ ಅಂತ 1913ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿತು. ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ 1923ರಲ್ಲಿ ಸುಪ್ರೀಂ ಕೋರ್ಟ್ ಭಾರತೀಯರಿಗೆ ಪೌರತ್ವವೇ ಇಲ್ಲ ಅಂದಿತು. ಊರಿಂದ ಹೆಂಡತಿಯನ್ನು ಕರೆಸಲೂ ಆಗದು. ಎಷ್ಟೋ ಜನ ಜೊತೆಯಲ್ಲಿ ಹತ್ತಿ ಬಿಡಿಸುತ್ತಿದ್ದ ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾದರು. ಮನೆಯಲ್ಲಿ ಸ್ಪ್ಯಾನಿಶ್, ಮಕ್ಕಳ ಹೆಸರು ಸ್ಪ್ಯಾನಿಶ್, ಕೊನೆಗೊಂದು ಸಿಂಗ್. ಎಲ್ ಸೆಂಟ್ರೋದಲ್ಲಿ 1948ರಿಂದ ಗುರುದ್ವಾರ ಇದೆ. ಇದೇ ಕಣಿವೆಯ ವೆಸ್ಟ್‌ಮೋರ್‌ಲ್ಯಾಂಡ್‌ನಲ್ಲಿ ಬೇಸಾಯ ಮಾಡುತ್ತಿದ್ದವರು ದಲೀಪ್ ಸಿಂಗ್ ಸೌಂಡ್. ಬರ್ಕ್ಲಿಯಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದವರಿಗೆ ಕೆಲಸ ಸಿಗದೆ ಹೊಲಕ್ಕಿಳಿದರು. 1946ರಲ್ಲಿ ಕಾನೂನು ಬದಲಾಯಿತು, 1949ರಲ್ಲಿ ಪೌರರಾದರು, 1956ರಲ್ಲಿ ಅಮೆರಿಕದ ಸಂಸತ್ತಿಗೆ ಆರಿಸಿಬಂದರು. ಅಲ್ಲಿಗೆ ಹೋದ ಮೊದಲ ಏಷ್ಯಾ ಮೂಲದವರು ಅವರೇ. ಇಂಪೀರಿಯಲ್ ಊರಿನ ಹತ್ತಿರದ ಪಯೋನಿಯರ್ಸ್ ಮ್ಯೂಸಿಯಂನಲ್ಲಿ ಇಲ್ಲಿ ನೆಲೆಸಿದ ಬೇರೆ ಬೇರೆ ಸಮುದಾಯಗಳ ಕಥೆ ಇಟ್ಟಿದ್ದಾರೆ. ಮಧ್ಯಾಹ್ನದ ಬಿಸಿಲಿಗೆ ಒಳ್ಳೆಯ ಜಾಗ.

ಹೋಲ್ಟ್‌ವಿಲ್ ಸ್ಮಶಾನದ ವಿಷಯ ಹೇಳಬೇಕಾ ಬೇಡವಾ ಅಂತ ಯೋಚಿಸಿದೆ. ಊರಿನ ಟೆರೇಸ್ ಪಾರ್ಕ್ ಸ್ಮಶಾನದ ಹಿಂಭಾಗದಲ್ಲಿ ಹುಲ್ಲಿಲ್ಲದ ಬರೀ ಮಣ್ಣಿನ ಜಾಗ ಇದೆ. ಸಾಲಾಗಿ ಇಟ್ಟಿಗೆಗಳು, ಎಷ್ಟೋ ಇಟ್ಟಿಗೆಗಳ ಮೇಲೆ ಹೆಸರಿಲ್ಲ. 1994ರಲ್ಲಿ ಸ್ಯಾನ್ ಡಿಯಾಗೋ ಕಡೆ ಗಡಿ ಬಿಗಿ ಮಾಡಿದ ಮೇಲೆ ಜನ ಮರುಭೂಮಿ ದಾರಿ ಹಿಡಿದರು. ಬಿಸಿಲಿಗೆ, ಕಾಲುವೆಗೆ ಬಲಿಯಾದವರಲ್ಲಿ ಗುರುತು ಸಿಗದ ನೂರಾರು ಜನರನ್ನು ಅಲ್ಲಿ ಹೂತಿದ್ದಾರೆ. ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ. ನೋಡುವ ಜಾಗ ಅಂತ ಹೇಳುತ್ತಿಲ್ಲ. ಹೊರಗಿನಿಂದ ಕ್ಯಾರೆಟ್ ಊರು ಅಷ್ಟೇ ಅನ್ನಿಸಬಾರದು ಅಂತ ಹೇಳಿದೆ.

ಊಟದ್ದು ಸುಲಭ. ತಾಯಿಯವರಿಗೆ ಜೋಳದ ತೋರ್ತಿಯಾ ಹಿಡಿಸುತ್ತದೆ. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ ರುಬ್ಬಿ ತಟ್ಟಿದ ರೊಟ್ಟಿ. ಕಷ್ಟ ಇರುವುದು ಜೊತೆಗೆ ಕೊಡುವ ರಾಜ್ಮಾದಂಥ ಬೀನ್ಸ್‌ನಲ್ಲಿ. ಮಾಂಸ ಇಲ್ಲ ಅಂದರೂ ಹಂದಿ ಕೊಬ್ಬು ಹಾಕಿರಬಹುದು. ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸಿರಬಹುದು. "ಸಿನ್ ಕಾರ್ನೆ, ಸಿನ್ ಮಾಂತೆಕಾ" ಅಂತ ಕೇಳಿ: ಮಾಂಸ ಬೇಡ, ಹಂದಿ ಕೊಬ್ಬು ಬೇಡ. ನಂಬಿಕೆ ಬರದಿದ್ದರೆ ಮೊಸರನ್ನ, ಚಿತ್ರಾನ್ನ ಕಟ್ಟಿಕೊಂಡು ಹೋಗಿ ಹೋಲ್ಟ್ ಪಾರ್ಕಿನ ನೆರಳಲ್ಲಿ ಕೂತು ತಿನ್ನಿ. ನಾವು ಹಾಗೇ ಮಾಡಿದ್ದು.

ಸಮಯ ಮಿಕ್ಕರೆ ಮರಳು ದಿಬ್ಬಗಳ ಕಡೆ ಹೋಗಿ. ಇಂಟರ್‌ಸ್ಟೇಟ್ 8ರ ಪಕ್ಕದಲ್ಲೇ, ಗ್ರೇಸ್ ವೆಲ್ ರಸ್ತೆಯ ಪಶ್ಚಿಮ ತುದಿಯ ಕಡೆ, ಹಲಗೆ ರಸ್ತೆಯ ತುಂಡುಗಳಿವೆ. ಡಾಂಬರು ಬರುವ ಮುಂಚೆ, 1926ರವರೆಗೆ, ಕಾರುಗಳು ಮರಳಿನ ಮೇಲೆ ಜೋಡಿಸಿದ ಮರದ ಹಲಗೆಗಳ ಮೇಲೆ ಓಡುತ್ತಿದ್ದವು. ಸಾಲ್ಟನ್ ಸೀಯನ್ನು ಅದೇ ದಿನ ಸೇರಿಸಬೇಡಿ. ಅದು ಬೇರೆ ದಿಕ್ಕು, ವಯಸ್ಸಾದವರಿಗೆ ಸುಸ್ತಾಗುತ್ತದೆ.

ಇನ್ನು ನಿಮ್ಮ ಮನೆಯವರ ಭಯ. ಊರು ಶಾಂತವಾಗಿದೆ. ಗಡಿ ಅಲ್ಲಿಂದ ಸುಮಾರು ಹದಿನೈದು ಕಿ.ಮೀ. ಭಯ ಬೇಡ, ಕಾಗದ ಬೇಕು. ವಿದೇಶಿಯರು ತಮ್ಮ ದಾಖಲೆ ಸದಾ ಜೊತೆಗಿಟ್ಟುಕೊಳ್ಳಬೇಕು ಅನ್ನುವುದು ಕಾನೂನು. ಎಲ್ಲರ ಪಾಸ್‌ಪೋರ್ಟ್ ಮೂಲಪ್ರತಿ, ಐ-94 ಅನ್ನುವ ಪ್ರವೇಶ ದಾಖಲೆಯ ಪ್ರಿಂಟ್, ಗ್ರೀನ್ ಕಾರ್ಡ್ ಇದ್ದರೆ ಅದು. ಫೋನಿನಲ್ಲಿರುವ ಫೋಟೋ ಸಾಲದು. ಒಂದು ಸಲ ನಾನೇ ಪಾಸ್‌ಪೋರ್ಟ್ ಮರೆತು ಬಂದು ಅರ್ಧ ಗಂಟೆ ಪಕ್ಕಕ್ಕೆ ನಿಂತಿದ್ದೆ. ಹೈವೇ 7ರಲ್ಲಿ ದಕ್ಷಿಣಕ್ಕೆ ಹೋದರೆ ಅದು ಸೀದಾ ಗಡಿ ಗೇಟಿಗೇ ಒಯ್ಯುತ್ತದೆ. ಹೈವೇ 98 ಬಂದ ಕೂಡಲೇ ತಿರುಗಿ. ತಪ್ಪಿದರೆ ಮೆಕ್ಸಿಕೋದಲ್ಲಿರುತ್ತೀರಿ. ಅಮೆರಿಕದ ವೀಸಾ ಇದ್ದವರಿಗೆ ಮೆಕ್ಸಿಕೋ ಬಾಗಿಲು ತೆರೆದಿದೆ ನಿಜ, ಆದರೆ ವಾಪಸ್ ಬಿಡುವುದು ಅಧಿಕಾರಿಯ ಕೈಯಲ್ಲಿದೆ. ಸಾಲೂ ಗಂಟೆಗಟ್ಟಲೆ. ಅಪ್ಪ-ಅಮ್ಮನ ಜೊತೆ ಆ ಸಾಹಸ ಬೇಡ ಅನ್ನುತ್ತೇನೆ. ಗಡಿ ಹತ್ತಿರ ಫೋನು ಮೆಕ್ಸಿಕೋ ಟವರ್ ಹಿಡಿಯಬಹುದು, ರೋಮಿಂಗ್ ಆಫ್ ಮಾಡಿ. ಯೂಮಾಕ್ಕೇನಾದರೂ ಹೋದರೆ ಚಳಿಗಾಲದಲ್ಲಿ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ.

ಸ್ಯಾನ್ ಡಿಯಾಗೋಕ್ಕೆ ಮರಳುವಾಗ ಇಂಟರ್‌ಸ್ಟೇಟ್ 8ರಲ್ಲಿ, ಪೈನ್ ವ್ಯಾಲಿ ಹತ್ತಿರ, ಗಡಿ ಪೊಲೀಸರ ಚೆಕ್‌ಪಾಯಿಂಟ್ ಸಿಗಬಹುದು. ಗಾಜು ಇಳಿಸಿ, ಕೇಳಿದ್ದಕ್ಕೆ ಉತ್ತರ ಕೊಡಿ, ಅಷ್ಟೇ. ನಾವು ಬರುವಾಗ ಆಫೀಸರ್ ಒಳಗೆ ಬಗ್ಗಿ, ಹಿಂದಿನ ಸೀಟಿನಲ್ಲಿದ್ದ ಮಾವನವರನ್ನು ಎಲ್ಲಿಗೆ ಹೋಗಿದ್ದಿರಿ ಅಂತ ಕೇಳಿದರು. ಮಾವನವರಿಗೆ ಇಂಗ್ಲಿಷ್ ಬಾರದು. ಆದರೂ ಪ್ರಶ್ನೆ ಅರ್ಥವಾಗಿತ್ತು. ಮಡಿಲಲ್ಲಿದ್ದ ಚೀಲ ಬಿಚ್ಚಿ ತೋರಿಸಿ "ಕ್ಯಾರೆಟ್" ಅಂದರು. ಆಫೀಸರ್ ನಕ್ಕು ಮುಂದೆ ಹೋಗಿ ಅಂತ ಕೈ ಬೀಸಿದರು.